ಸಹಾಯ ಬೇಕು: ಫ್ಲಾಕ್ ಹಾಕಿದರೂ ಎರಡು ಪ್ರೊಸೆಸ್‌ಗಳಿಗೆ ಒಂದೇ ಸಂಖ್ಯೆ ಸಿಗುತ್ತಿದೆ

ನಮಸ್ಕಾರ. ಲಿನಕ್ಸ್‌ನಲ್ಲಿ ನನ್ನ ಪೈಥಾನ್ ಪ್ರೋಗ್ರಾಂನ 4 ಪ್ರೊಸೆಸ್‌ಗಳು ಒಂದೇ ಜೇಸನ್ ಫೈಲಿನಿಂದ ಮುಂದಿನ ಕೆಲಸದ ಸಂಖ್ಯೆ ಓದಿ, ಒಂದು ಕೂಡಿಸಿ, ಮತ್ತೆ ಬರೆಯುತ್ತವೆ. ಓದುವ ಮೊದಲು ಫ್ಲಾಕ್‌ನಿಂದ (ಫೈಲಿಗೆ ಲಾಕ್ ಹಾಕುವ ಸಿಸ್ಟಂ ಕಾಲ್) ಎಕ್ಸ್‌ಕ್ಲೂಸಿವ್ ಲಾಕ್, ಅಂದರೆ ಒಂದು ಸಲಕ್ಕೆ ಒಂದೇ ಪ್ರೊಸೆಸ್ ಹಿಡಿಯಬಹುದಾದ ಲಾಕ್, ಹಾಕುತ್ತೇನೆ. ಆದರೂ ದಿನಕ್ಕೆ ಒಂದೆರಡು ಸಲ ಎರಡು ಪ್ರೊಸೆಸ್‌ಗಳಿಗೆ ಒಂದೇ ಸಂಖ್ಯೆ ಹೋಗುತ್ತಿದೆ. ಹಾಗಾದಾಗ ಒಂದರ ಫಲಿತಾಂಶದ ಮೇಲೆ ಇನ್ನೊಂದು ಬರೆದುಹೋಗುತ್ತದೆ, ಅದೇ ದೊಡ್ಡ ಚಿಂತೆ.

ಮೊದಲು ಫೈಲನ್ನು 'ಡಬ್ಲ್ಯೂ' (ಬರೆಯುವ) ಮೋಡ್‌ನಲ್ಲಿ ತೆರೆಯುತ್ತಿದ್ದೆ. ಲಾಕ್ ಸಿಗುವ ಮುಂಚೆಯೇ ಫೈಲ್ ಖಾಲಿಯಾಗುತ್ತಿತ್ತು. ಅದನ್ನು ಸರಿಪಡಿಸಿದೆ. ಈಗಿನ ಅನುಮಾನ ಬೇರೆ. ಪ್ರೋಗ್ರಾಂ ನಡುವೆ ನಿಂತರೆ ಫೈಲ್ ಅರ್ಧಂಬರ್ಧ ಆಗಬಾರದೆಂದು ತಾತ್ಕಾಲಿಕ ಫೈಲಿಗೆ ಬರೆದು, ರೀನೇಮ್ ಮಾಡಿ ಹಳೆಯದರ ಜಾಗಕ್ಕೆ ತರುತ್ತೇನೆ. ಲಾಕ್ ಅಂಟಿಕೊಂಡಿರುವುದು ಹೆಸರಿಗಲ್ಲ, ಐನೋಡ್‌ಗೆ (ಡಿಸ್ಕ್‌ನಲ್ಲಿ ಆ ಫೈಲಿನ ನಿಜವಾದ ದಾಖಲೆಗೆ). ಹಾಗಾಗಿ ಹಳೆಯ ಫೈಲನ್ನು ತೆರೆದು ಸರದಿಯಲ್ಲಿ ಕಾಯುತ್ತಿದ್ದ ಪ್ರೊಸೆಸ್‌ಗೆ ಸಿಗುವುದು ಹಳೆಯ ಫೈಲಿನದೇ ಲಾಕ್, ಅದು ಓದುವುದೂ ಹಳೆಯ ಸಂಖ್ಯೆಯನ್ನೇ. ಅಷ್ಟರಲ್ಲಿ ಹೊಸದಾಗಿ ಬಂದ ಪ್ರೊಸೆಸ್ ಹೊಸ ಫೈಲಿಗೆ ಲಾಕ್ ಹಾಕಿ ಒಳಗೆ ಬಂದಿರುತ್ತದೆ. ನನ್ನ ಲೆಕ್ಕ ಸರಿಯೇ?

ಸರಿಯಾದರೆ, ಎಂದೂ ಅಳಿಸದ, ರೀನೇಮ್ ಮಾಡದ ಪ್ರತ್ಯೇಕ ಲಾಕ್ ಫೈಲ್ ಇಡುವುದು ಒಳ್ಳೆಯದಾ? ಅಥವಾ ಲಾಕ್ ಸಿಕ್ಕ ಮೇಲೆ ಐನೋಡ್ ಸಂಖ್ಯೆ ಹೋಲಿಸಿ, ಬೇರೆಯಾಗಿದ್ದರೆ ಮತ್ತೆ ತೆರೆಯಬೇಕಾ? ಲಾಕ್ ಹಾಕುವ ಇನ್ನೊಂದು ವಿಧಾನವಾದ ಲಾಕ್‌ಎಫ್ ಕಡೆ ಹೋಗಲು ಮನಸ್ಸಿಲ್ಲ. ಅದೇ ಪ್ರೊಸೆಸ್‌ನ ಇನ್ನಾವುದೋ ಭಾಗ ಆ ಫೈಲನ್ನು ತೆರೆದು ಮುಚ್ಚಿದರೂ ಸಾಕು, ಲಾಕ್ ಬಿಟ್ಟುಹೋಗುತ್ತದೆ.

ಇನ್ನೊಂದು ಮಾತು: ಲಾಕ್ ಹಿಡಿದಿರುವಾಗಲೇ ಫೋರ್ಕ್ ಆದರೆ (ಪ್ರೊಸೆಸ್ ತನ್ನದೇ ನಕಲು ಹುಟ್ಟಿಸಿದರೆ) ಚೈಲ್ಡ್ ಪ್ರೊಸೆಸ್ ಕೂಡ ಅದೇ ಲಾಕನ್ನು ಹಂಚಿಕೊಳ್ಳುತ್ತದೆಯಲ್ಲ, ಅದನ್ನು ನೀವು ಹೇಗೆ ನಿಭಾಯಿಸುತ್ತೀರಿ? ಇಂಥದ್ದನ್ನು ಬಹುಕಾಲ ನಡೆಸಿದವರು ದಯವಿಟ್ಟು ತಿಳಿಸಿ.