ರಾತ್ರಿ ಕಾಲಿನ ಚಡಪಡಿಕೆ: ವಂಶದಿಂದ ಬರುತ್ತಾ?

ಪ್ರಶ್ನೆ, ಬನಶಂಕರಿಯಿಂದ:
ಅಮ್ಮ ರಾತ್ರಿ ಮೀನಖಂಡದೊಳಗೆ ಹುಳ ಹರಿದ ಹಾಗಾಗುತ್ತದೆ ಎಂದು ಎದ್ದು ಹಾಲ್‌ನಲ್ಲಿ ಓಡಾಡುತ್ತಾರೆ. ಚಿಕ್ಕಮ್ಮ ಕಾಲಿಗೆ ಬಿಗಿಯಾಗಿ ಹಳೇ ಸೀರೆ ಕಟ್ಟಿಕೊಂಡು ಮಲಗುತ್ತಾರೆ. ಈಗ ನನಗೂ ಶುರು. ಸಂಜೆ ಹೆಬ್ಬಾಳದಿಂದ ಬರುವ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗುವುದಿಲ್ಲ, ಎದ್ದು ನಿಂತರೆ ಹಾಯೆನಿಸುತ್ತದೆ. ಡಾಕ್ಟರು ‘ರೆಸ್ಟ್‌ಲೆಸ್ ಲೆಗ್ಸ್’ ಅಂದರು. ಹಿಮೋಗ್ಲೋಬಿನ್ 12.6 ಇದೆ, ರಕ್ತಹೀನತೆ ಇಲ್ಲ. ಮತ್ತೆ ಯಾಕೆ? ಮಗಳಿಗೂ ಬರುತ್ತಾ?

ಉತ್ತರ, ಮಲ್ಲೇಶ್ವರದಿಂದ:
ನಾನು ಜೀವಶಾಸ್ತ್ರ ಮೇಡಂ, ನನಗೂ ಇದೆ. ವಂಶದ ಪಾಲು ಖಂಡಿತ ಇದೆ. 2007ರಲ್ಲಿ ಐಸ್‌ಲ್ಯಾಂಡಿನ ತಂಡವೂ ಜರ್ಮನಿಯ ತಂಡವೂ ಇದಕ್ಕೆ ನಂಟಿರುವ ಬಿಟಿಬಿಡಿ9 ಎಂಬ ಜೀನನ್ನು ಗುರುತಿಸಿದವು. ಅದರ ಒಂದು ರೂಪ ಇರುವವರಲ್ಲಿ ಫೆರಿಟಿನ್, ಅಂದರೆ ಕೂಡಿಟ್ಟ ಕಬ್ಬಿಣದ ಅಳತೆ, ಕಮ್ಮಿ ಇತ್ತು. 2024ರ ಹೊತ್ತಿಗೆ ಜೀನೋಮ್‌ನಲ್ಲಿ ಇಂಥ ಜಾಗಗಳು 160 ದಾಟಿದವು. ಒಂದೊಂದರ ಪಾಲೂ ಸಣ್ಣದು. ಹಾಗಾಗಿ ಮಗಳಿಗೆ ಬಂದೇ ಬರುತ್ತದೆ ಅಂತಲ್ಲ, ಸಾಧ್ಯತೆ ಜಾಸ್ತಿ ಅಷ್ಟೇ.

ರಕ್ತದಲ್ಲಿ ಕಬ್ಬಿಣ ಸರಿಯಿದ್ದರೂ ಮಿದುಳಿನಲ್ಲಿ ಕಮ್ಮಿ ಇರಬಹುದು. ಎಂಆರ್‌ಐನಲ್ಲಿ ಇದು ಕಂಡಿದೆ. ಮಿದುಳಿನಲ್ಲಿ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕೇ ಬೇಕು. ಡೋಪಮೈನ್ ಸಂಜೆ ಮೇಲೆ ಇಳಿಯುತ್ತದೆ, ಕಾಲೂ ಆಗಲೇ ಕಾಡುತ್ತದೆ. ಪಾರ್ಕಿನ್ಸನ್ ಅಂತ ಹೆದರಬೇಡಿ, ಅದರಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಸಾಯುತ್ತವೆ, ಇಲ್ಲಿ ಸಾಯುವುದಿಲ್ಲ. ಮೊದಲು ಫೆರಿಟಿನ್ ಮಾಡಿಸಿ. ಈ ತೊಂದರೆ ಇರುವವರಿಗೆ 75ರವರೆಗೆ ಇದ್ದರೂ ಡಾಕ್ಟರು ಕಬ್ಬಿಣದ ಮಾತ್ರೆ ಕೊಡುವುದುಂಟು. ಮಾತ್ರೆ ಜೊತೆ ಕಾಫಿ ಮಾತ್ರ ಬೇಡ, ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಉತ್ತರ, ವಿಜಯನಗರದಿಂದ:
ಅಪ್ಪನಿಗೆ ಪ್ರಾಮಿಪೆಕ್ಸೋಲ್ ಕೊಟ್ಟಿದ್ದರು. ಅದು ಡೋಪಮೈನ್ ಥರ ಕೆಲಸ ಮಾಡುವ ಮಾತ್ರೆ. ಮೊದಮೊದಲು ಒಳ್ಳೇ ನಿದ್ದೆ. ಆಮೇಲೆ ಆ ಮಾತ್ರೆಯಿಂದಲೇ ಕಾಟ ಮಧ್ಯಾಹ್ನವೇ ಶುರುವಾಯಿತು, ಕೈಗೂ ಹತ್ತಿತು. ಡಾಕ್ಟರು ನಿಧಾನವಾಗಿ ಅದನ್ನು ಇಳಿಸಿ, ಬೇರೆ ಥರ ಕೆಲಸ ಮಾಡುವ ಗ್ಯಾಬಪೆಂಟಿನ್‌ಗೆ ಬದಲಾಯಿಸಿದರು. ನೀವಾಗಿಯೇ ನಿಲ್ಲಿಸುವುದೂ ತಪ್ಪು, ಜಾಸ್ತಿ ಮಾಡುವುದೂ ತಪ್ಪು. ನಿದ್ದೆ ಬರಿಸುವ ಕೆಲವು ನೆಗಡಿ ಮಾತ್ರೆಗಳಿಂದಲೂ ಕಾಲಿನ ಕಾಟ ಏರುತ್ತದೆ. ಅಂಥ ಮಾತ್ರೆ ಮನೆಯಲ್ಲಿ ಇದ್ದರೆ ಡಾಕ್ಟರಿಗೆ ತೋರಿಸಿ.

ಬನಶಂಕರಿಯಿಂದ:
ರಿಪೋರ್ಟ್ ಬಂತು ಮೇಡಂ. ಫೆರಿಟಿನ್ 19, ಪಕ್ಕದಲ್ಲಿ ‘ನಾರ್ಮಲ್’ ಅಂತಲೇ ಇದೆ! ಶನಿವಾರ ನರರೋಗದ ಡಾಕ್ಟರ ಹತ್ತಿರ ಹೋಗುತ್ತೇನೆ. ಅಮ್ಮನಿಗೂ ಚಿಕ್ಕಮ್ಮನಿಗೂ ಇದೇ ಟೆಸ್ಟ್ ಬರೆಸಿಕೊಂಡು ಬರುತ್ತೇನೆ.