ಅಡಿಕೆ ಬೆಳೆಗಾರರ ವಾಟ್ಸಾಪ್ ಬಳಕೆ: ಪ್ರಾಕ್ಟೀಸ್ ಥಿಯರಿಯ ಅನ್ವಯ ಹೇಗೆ?

ಕೋರಿಕೆ: ತೀರ್ಥಹಳ್ಳಿ ಸುತ್ತಿನ ಅಡಿಕೆ ಬೆಳೆಗಾರರ ವಾಟ್ಸಾಪ್ ಬಳಕೆಯ ಕುರಿತು ಪತ್ರಿಕೋದ್ಯಮ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ಪ್ರಶ್ನಾವಳಿ ಸಿದ್ಧವಿದೆ, ಆದರೆ ಮಾರ್ಗದರ್ಶಕರು ಪ್ರಾಕ್ಟೀಸ್ ಥಿಯರಿಯನ್ನು (ಜನರು ರೂಢಿಯಾಗಿ ಮಾಡುವ ಕೆಲಸಗಳ ಮೂಲಕ ಸಮಾಜವನ್ನು ಅರಿಯುವ ಸಿದ್ಧಾಂತ) ಅನ್ವಯಿಸಲು ಸೂಚಿಸಿದ್ದಾರೆ. ಕ್ಷೇತ್ರಕಾರ್ಯ ಮಾಡಿದವರು ದಯವಿಟ್ಟು ಅನುಭವ ತಿಳಿಸಿ.

ಮೊದಲ ಉತ್ತರ: ಸಾಗರದ ಕಡೆ ಇಂಥದೇ ಅಧ್ಯಯನ ಮಾಡಿದ್ದೇನೆ. ಪ್ರಶ್ನಾವಳಿಯನ್ನು ಸದ್ಯಕ್ಕೆ ಬದಿಗಿಡಿ. ಮಾಧ್ಯಮವನ್ನು ಪಠ್ಯವೆಂದೋ ಉತ್ಪಾದನಾ ವ್ಯವಸ್ಥೆಯೆಂದೋ ನೋಡುವ ಬದಲು, ಅದಕ್ಕೆ ಸಂಬಂಧಿಸಿದಂತೆ ಜನರು ಏನು ಮಾಡುತ್ತಾರೆ ಎಂಬಲ್ಲಿಂದ ಹೊರಡಬೇಕೆಂದು ಮಾಧ್ಯಮ ವಿದ್ವಾಂಸ ನಿಕ್ ಕೌಲ್ಡ್ರಿ 2004ರಲ್ಲಿ ವಾದಿಸಿದರು. ಹಾಗೆ ಹೊರಟರೆ ನೀವು ಗಮನಿಸಬೇಕಾದದ್ದು ಅಡಿಕೆ ಮಾರುವ ಕೆಲಸವನ್ನು; ವಾಟ್ಸಾಪ್ ಅದರೊಳಗೆ ಬರುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳ ಧಾರಣೆ ಮೊಬೈಲಿಗೆ ಬಂದ ಮೇಲೆ ಯಜಮಾನರು ಅದನ್ನು ಯಾರಿಗೆ ಓದಿ ಹೇಳುತ್ತಾರೆ, ಮಂಡಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುತ್ತಾರೆಯೇ, ಇನ್ನಷ್ಟು ದಿನ ಮಾಲು ಇಟ್ಟುಕೊಳ್ಳುವ ತೀರ್ಮಾನ ಮನೆಯಲ್ಲಿ ಯಾರ ಮಾತಿನಿಂದ ಆಗುತ್ತದೆ ಎಂಬುದೆಲ್ಲ ಆ ಕೆಲಸದ ಭಾಗವೇ. ನನಗೆ ಹೆಚ್ಚು ತಿಳಿದದ್ದು ಅಡಿಕೆ ಸುಲಿಯುವ ಹೊತ್ತಿನಲ್ಲಿ. ಎಲ್ಲರ ಕೈಯೂ ಕೆಲಸದಲ್ಲಿರುವುದರಿಂದ ಧ್ವನಿ ಸಂದೇಶವನ್ನು ಜೋರಾಗಿ ಹಾಕುತ್ತಾರೆ, ಒಬ್ಬರಿಗೆ ಬಂದ ಸುದ್ದಿ ಅಲ್ಲಿ ಕುಳಿತವರೆಲ್ಲರ ಚರ್ಚೆಯಾಗುತ್ತದೆ. ದಿನಕ್ಕೆ ಎಷ್ಟು ಹೊತ್ತು ವಾಟ್ಸಾಪ್ ನೋಡುತ್ತೀರಿ ಎಂದು ಕೇಳಿದರೆ ‘ನೋಡುವುದೇ ಇಲ್ಲ’ ಎನ್ನುವ ಹೆಂಗಸರು ಆ ಚರ್ಚೆಯಲ್ಲಿ ಪೂರ್ತಿಯಾಗಿ ಪಾಲ್ಗೊಂಡಿರುತ್ತಾರೆ. ಪ್ರಶ್ನಾವಳಿ ಅವರನ್ನು ಬಳಕೆದಾರರಲ್ಲವೆಂದು ಕೈಬಿಡುತ್ತದೆ. ಇದು ಸಣ್ಣ ಲೋಪವೆಂದು ನಾನು ಒಪ್ಪಲಾರೆ.

ಎರಡನೆಯ ಉತ್ತರ: ಮೇಲಿನ ಮಾತನ್ನು ಒಪ್ಪುತ್ತೇನೆ. ಕ್ಷೇತ್ರಕಾರ್ಯದ ಟಿಪ್ಪಣಿಗಳ ವಿಶ್ಲೇಷಣೆಗೆ ಸಮಾಜಶಾಸ್ತ್ರಜ್ಞೆ ಎಲಿಜಬೆತ್ ಶೋವ್ ಮತ್ತು ಸಂಗಡಿಗರು 2012ರಲ್ಲಿ ಮಂಡಿಸಿದ ಸಾಮಗ್ರಿ (ವಸ್ತು, ಉಪಕರಣ), ಕೌಶಲ, ಅರ್ಥ (ಆ ಕೆಲಸಕ್ಕೆ ಜನರು ಕೊಡುವ ಮಹತ್ವ) ಎಂಬ ಮೂರು ಅಂಶಗಳ ಚೌಕಟ್ಟು ಉಪಯುಕ್ತ. ಆದರೆ ಮೂರನ್ನೂ ಬೇರೆಬೇರೆಯಾಗಿ ತುಂಬಿಸುತ್ತ ಹೋದರೆ ಪ್ರಯೋಜನವಿಲ್ಲ. ಅವುಗಳ ನಡುವಿನ ಕೊಂಡಿ ಎಲ್ಲಿ ಕಳಚುತ್ತದೆ ಎಂಬುದನ್ನು ನೋಡಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ, ಸಿಗ್ನಲ್ಲಿಗಾಗಿ ಗುಡ್ಡದ ಮೇಲಿನ ರಸ್ತೆಯವರೆಗೆ ಹೋಗಬೇಕಾದಾಗ ಧಾರಣೆ ತಿಳಿಯುವ ಕೆಲಸ ಯಾರ ಪಾಲಿಗೆ ಬೀಳುತ್ತದೆ, ಬೈಕ್ ಇರುವ ಮಗನ ಮಾತಿಗೆ ಆಗ ತೂಕ ಹೆಚ್ಚುತ್ತದೆಯೇ ಎಂದು ವಿಚಾರಿಸಿ. ಮನೆಯೊಳಗಿನ ಅಧಿಕಾರದ ಈ ಪ್ರಶ್ನೆಗೆ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡಿಯುವಿನ ಹ್ಯಾಬಿಟಸ್ (ಬೆಳೆದ ಪರಿಸರದಿಂದ ಮೈಗೂಡಿದ ನಡೆನುಡಿ, ಮನೋಭಾವ) ಪರಿಕಲ್ಪನೆಯನ್ನು ಓದಿಕೊಳ್ಳಿ. ಸಾಧ್ಯವಿದ್ದರೆ ಅದೇ ಮನೆಗಳಿಗೆ ಮಳೆಗಾಲದಲ್ಲೊಮ್ಮೆ, ಕೊಯ್ಲಿನಲ್ಲೊಮ್ಮೆ ಹೋಗಿ, ಪ್ರಶ್ನಾವಳಿಯನ್ನು ಆಮೇಲೆ ತಿದ್ದಿ ಬಳಸಿ.