ಮೂರ್ತಿಗೆ ಎಚ್ ಇದೆಯೋ ಇಲ್ಲವೋ

ನಲವತ್ತಾರನೇ ವಯಸ್ಸಿಗೆ ಬಿಎ ಸೇರುವ ಹುಕಿ ಶಂಕರಮೂರ್ತಿಗೆ. ಮೇಜಿನ ಮೇಲೆ ಎರಡು ಬೈಟು ಕಾಫಿ, ನಾಲ್ಕು ಲೋಟ, ಒಂದು ಪ್ಲಾಸ್ಟಿಕ್ ಫೈಲು.

"ಈ ವಯಸ್ಸಲ್ಲಿ ತಗೋತಾರೇನೋ?"

"ಇಗ್ನೋ, ಅಂದ್ರೆ ಇಂದಿರಾ ಗಾಂಧಿ ಮುಕ್ತ ವಿವಿ, ಅಲ್ಲಿ ಬಿಎಗೆ ವಯೋಮಿತಿನೇ ಇಲ್ಲ ಕಣೋ," ಅಂದ ನಾಗರಾಜ. "ಪಿಯುಸಿ ಪಾಸಾಗಿದ್ರೆ ಸಾಕು. ತಕರಾರು ಬರೋದು ನಿನ್ನ ಹೆಸರಿಗೆ. ಮಾರ್ಕ್ಸ್ ಕಾರ್ಡ್ ತೆಗಿ, ಪಕ್ಕದಲ್ಲಿ ಆಧಾರ್ ಇಡು."

ಇಟ್ಟ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ 'ಶಂಕರ ಮೂರ್ತಿ ಎಚ್. ಎಸ್.' ಮಧ್ಯೆ ಜಾಗ, ಕೊನೆಗೆ ಇನಿಶಿಯಲ್ಲು, ಇಂಗ್ಲಿಷಿನ ಮೂರ್ತಿಯಲ್ಲಿ ಟಿ ಪಕ್ಕ ಒಂದು ಎಚ್. ಆಧಾರಿನಲ್ಲಿ ಒಂದೇ ಉಸಿರಿಗೆ 'ಶಂಕರಮೂರ್ತಿ'. ಆ ಎಚ್ಚೂ ಇಲ್ಲ, ಊರೂ ಇಲ್ಲ, ಅಪ್ಪನೂ ಇಲ್ಲ.

"ಸರ್ಕಾರದ ಲೆಕ್ಕದಲ್ಲಿ ನೀವು ಇಬ್ಬರು."

"ಒಬ್ಬ ಫೀಸು ಕಟ್ಟಲಿ, ಇನ್ನೊಬ್ಬ ಓದಲಿ," ಅಂದ ಗುಂಡ.

"ಸುಮ್ನಿರೋ. ದೂರಶಿಕ್ಷಣಕ್ಕೆ ಈಗ ಡೆಬ್ ಐಡಿ, ಅಂದ್ರೆ ಯುಜಿಸಿಯ ದೂರಶಿಕ್ಷಣ ವಿಭಾಗದ ನಂಬರು, ಬೇಕೇ ಬೇಕು. ಅದಕ್ಕೆ ಮೊದಲು 12 ಅಂಕಿಯ ಎಬಿಸಿ ಐಡಿ, ಓದಿನ ಕ್ರೆಡಿಟ್ಟು ಜಮಾ ಆಗೋ ಖಾತೆ ನಂಬರು. ಅದನ್ನ ಡಿಜಿಲಾಕರಲ್ಲಿ ಮಾಡ್ಕೋಬೇಕು, ಅದು ಹೆಸರು ಎತ್ಕೊಳ್ಳೋದು ಆಧಾರಿಂದ. ಓಟಿಪಿ ಬರೋದೂ ಆಧಾರಿಗೆ ಜೋಡಿಸಿದ ನಂಬರಿಗೇ."

"ಆ ಸಿಮ್ಮು ಈಗಿಲ್ವಲ್ಲೋ."

"ಹಾಗಾದ್ರೆ ಮೊದಲ ಸೆಮಿಸ್ಟರು ಆಧಾರ್ ಕೇಂದ್ರದಲ್ಲಿ. ನಂಬರಿನ ಜೊತೆ ಹೆಸರನ್ನೂ ಮಾರ್ಕ್ಸ್ ಕಾರ್ಡಿನಲ್ಲಿ ಇರೋ ಹಾಗೇ ಮಾಡಿಸು. ಕಾರ್ಡು ತಿದ್ದಿಸೋಕೆ ಹೊರಟೆಯೋ, ಹೆಡ್‌ಮಾಸ್ಟರು, ಬೋರ್ಡು ಅಂತ ಚಪ್ಪಲಿ ಸವೆಸಬೇಕು. ಆದ್ರೆ ಹುಷಾರು, ಆಧಾರಲ್ಲಿ ಹೆಸರು ಬದಲಾಯಿಸೋಕೆ ಜನ್ಮಕ್ಕೆ ಎರಡೇ ಸಲ ಅವಕಾಶ."

"ಸಂಖ್ಯಾಶಾಸ್ತ್ರದವನ ಮಾತು ಕೇಳಿ ಎಚ್ ಕಿತ್ತಾಗ ಒಂದು ಖರ್ಚಾಗಿಲ್ಲ ತಾನೇ?"

ಶಂಕರಮೂರ್ತಿ ಕಾಫಿ ಊದತೊಡಗಿದ.

"ಇಗ್ನೋನೋ, ಮುಕ್ತಗಂಗೋತ್ರಿನೋ?" ಅಂತ ಶೀನ.

"ಕನ್ನಡದಲ್ಲೇ ಪರೀಕ್ಷೆ ಬರೀಬೇಕು ಅಂದ್ರೆ ಮುಕ್ತಗಂಗೋತ್ರಿ, ಅದೇ ಮೈಸೂರಿನ ಮುಕ್ತ ವಿವಿ. ಎಲ್ಲೇ ಆಗಲಿ, ದುಡ್ಡು ಕಟ್ಟೋ ಮುಂಚೆ ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ಯುಜಿಸಿ ಪಟ್ಟಿ ನೋಡು. ವಿವಿ ಹೆಸರು ಪಟ್ಟಿಯಲ್ಲಿದ್ರೆ ಸಾಲದು, ಕೋರ್ಸೂ ಇರಬೇಕು."

"ಇಗ್ನೋ ಆದ್ರೆ ಅರ್ಜಿಗೆ ಹಾಕೋ ಫೋಟೊ 100 ಕೆಬಿ ಒಳಗೆ, ಸಹಿನೂ 100, ಮಾರ್ಕ್ಸ್ ಕಾರ್ಡು 200 ಕೆಬಿ ಒಳಗೆ. ಫೋನಲ್ಲಿ ತೆಗೆದದ್ದು 4 ಎಂಬಿ ಇರುತ್ತೆ."

"ವಾಟ್ಸಾಪಲ್ಲಿ ನಾಲ್ಕು ಸಲ ಕಳಿಸಿದ್ರೆ ತಾನೇ ಇಳಿಯುತ್ತೆ."

"ಅಂಕಿನೂ ಇಳಿಯುತ್ತೆ. 3 ಯಾವುದು, 8 ಯಾವುದು ಗೊತ್ತಾಗದೆ ಅರ್ಜಿ ವಾಪಸ್ ಬರುತ್ತೆ."

"ಗಣಿತದಲ್ಲಿ 38 ಹೋಗಿ 88 ಆದ್ರೆ ಬೇಡ ಅಂತೀಯಾ?"

"ಮೇಜು, ಬೆರಳು ಎಲ್ಲಾ ಕತ್ತರಿಸಿ ಕಾರ್ಡಷ್ಟನ್ನೇ ಸ್ಕ್ಯಾನ್ ಮಾಡು. ಅರ್ಧ ತೂಕ ಅಲ್ಲೇ ಹೋಗುತ್ತೆ."

ಸೀಟು ಸಿಕ್ಕ ಮೇಲಿನ ಕಥೆ ಶೀನನದು. ಇಗ್ನೋದಲ್ಲಿ ನೂರಕ್ಕೆ ಅಸೈನ್‌ಮೆಂಟಿಗೆ 30, ಪರೀಕ್ಷೆಗೆ 70. ಅಸೈನ್‌ಮೆಂಟನ್ನು ಆಯಾ ಸೆಷನ್ನಿನ ಪ್ರಶ್ನೆಗೇ ಬರೆಯಬೇಕು. ಹಳೇ ಪ್ರಶ್ನೆಗೆ ಬರೆದದ್ದು ಕಡಲೆಕಾಯಿ ಕಟ್ಟೋಕೆ ಆದೀತು. ಪರೀಕ್ಷೆ ಜೂನ್‌ಗೆ, ಡಿಸೆಂಬರಿಗೆ. ಫೇಲಾದರೂ ಮುಂದಿನ ವರ್ಷಕ್ಕೆ ರೀರಿಜಿಸ್ಟ್ರೇಷನ್ ಮಾಡಿಸಬಹುದು, ಅದನ್ನೇ ಮರೆತು ಕೂತರೆ ಆ ವರ್ಷ ಕೈತಪ್ಪುತ್ತೆ. 3 ವರ್ಷದ ಪದವಿ ಮುಗಿಸೋಕೆ 6 ವರ್ಷ ಟೈಮು.

"ಅಂದ್ರೆ ಐವತ್ತೆರಡಕ್ಕೆ ಪದವೀಧರ. ಕಾಫಿ ದುಡ್ಡು ನೀನೇ ಕೊಡು."

ಶಂಕರಮೂರ್ತಿ ಕ್ಯೂಆರ್ ಸ್ಕ್ಯಾನ್ ಮಾಡಿದ. ಗಲ್ಲೆಯ ಫೋನು ನೋಡಿ ಹೋಟೆಲಿನವರು ಕೂಗಿದರು: "ಎಸ್ ಮೂರ್ತಿ ಅಂತ ಬಂದಿದೆ, ನಿಮ್ಮದೇನಾ ಸಾರ್?"

"ಮೂರನೆಯವನೂ ಬಂದ," ಅಂದ ಗುಂಡ.